9.2ರ ಬಾಟಲಿ



ವಿಜಯಪುರದ ಎಪಿಎಂಸಿಯಲ್ಲಿ ಒಣದ್ರಾಕ್ಷಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರಕಾರದ ಮುದ್ರೆ ಬೀಳಬೇಕು. ತೂಕ ಗೊತ್ತಿರುವ ಕಲ್ಲನ್ನು ಇಟ್ಟು, ತಕ್ಕಡಿ ಅಷ್ಟನ್ನೇ ತೋರಿಸುತ್ತದೆಯೇ ಎಂದು ಅಧಿಕಾರಿಗಳು ನೋಡುತ್ತಾರೆ. ಮುದ್ರೆ ಇಲ್ಲದ ತಕ್ಕಡಿಯನ್ನು ತಿಕೋಟಾದ ಬೆಳೆಗಾರ ನಂಬುವುದಿಲ್ಲ. ನಂಬಬಾರದು ಕೂಡ.

ಈಗ ಅನೇಕ ಬೆಳೆಗಾರರ ಕಿಸೆಯಲ್ಲಿ ಇನ್ನೊಂದು ಅಳತೆಯ ಸಾಧನ ಇರುತ್ತದೆ. ಪೆನ್ನಿನ ಆಕಾರ. ತುದಿಯಲ್ಲಿ ಗಾಜಿನ ಪುಟ್ಟ ಗುಂಡು. ಮೇಲೆ ಅಂಕಿ ಮೂಡುವ ಸಣ್ಣ ಕಿಟಕಿ. ಅದು ಪಿಎಚ್ ಮೀಟರ್. ಮಣ್ಣು, ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಅದು ಹೇಳುತ್ತದೆ. ಹೊಲದಲ್ಲಿ ಅದನ್ನು ಪರೀಕ್ಷಿಸಿ ಮುದ್ರೆ ಒತ್ತಲು ಯಾರೂ ಬರುವುದಿಲ್ಲ. ಆ ಕೆಲಸ ಬಳಸುವವರದೇ. ತಕ್ಕಡಿಗೆ ತೂಕದ ಕಲ್ಲು ಇದ್ದ ಹಾಗೆ, ಈ ಮೀಟರಿಗೆ ಬಫರ್ ಎಂಬ ದ್ರಾವಣ ಇದೆ. ಅದರಲ್ಲೂ ವಿಜಯಪುರ, ತಿಕೋಟಾ, ಬಬಲೇಶ್ವರದ ಮಣ್ಣಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 9.2 ಎಂದು ಬರೆದಿರುವ ಬಾಟಲಿ. ಇವತ್ತಿನ ಮಾತೆಲ್ಲ ಆ ಬಾಟಲಿಯ ಸುತ್ತ.

ಮೊದಲು ಅಳತೆಯ ಲೆಕ್ಕ. ಪಿಎಚ್ ಪಟ್ಟಿ ಸೊನ್ನೆಯಿಂದ 14ರವರೆಗೆ. ನಡುವಿನ 7 ತಟಸ್ಥ. ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದು ಮೆಟ್ಟಿಲು ಏರಿದರೆ ಕ್ಷಾರದ ಬಲ ಹತ್ತು ಪಟ್ಟು ಏರುತ್ತದೆ. ಹಾಗಾಗಿ 8.2ಕ್ಕೂ 8.5ಕ್ಕೂ ಅಂತರ ಸಣ್ಣದೆಂದು ಕಂಡರೂ ಅದು ಎರಡು ಪಟ್ಟಿನ ಅಂತರ.

ಈ ಎರಡು ಪಟ್ಟು ಈ ಭಾಗದಲ್ಲಿ ಏಕೆ ಮುಖ್ಯ? ಇಲ್ಲಿಯ ಎರೆ ಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು. ಸುಣ್ಣವೇ ಆಳುವ ಮಣ್ಣಿನ ಪಿಎಚ್ 8.2, 8.3ರ ಹತ್ತಿರ ನಿಲ್ಲುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣ, ಸತುವು ಬೇರಿಗೆ ಸರಿಯಾಗಿ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಆದರೂ ಬೆಳೆ ಬರುತ್ತದೆ. ಪಿಎಚ್ 8.5 ದಾಟಿತೆಂದರೆ ಕಥೆ ಬೇರೆ. ಅಲ್ಲಿ ಸುಣ್ಣದ ಜಾಗಕ್ಕೆ ಸೋಡಿಯಂ ಬಂದು ಕೂತಿರುವ ಶಂಕೆ ಹುಟ್ಟುತ್ತದೆ. ಸೋಡಿಯಂ ಹಿಡಿದ ಎರೆ ಮಣ್ಣು ಒದ್ದೆಯಾದಾಗ ರಾಡಿ, ಒಣಗಿದಾಗ ಕಲ್ಲು. ನೀರು ಕೆಳಗೆ ಇಳಿಯುವುದಿಲ್ಲ. ರೈತರು ಸವಳು ಎನ್ನುವ ಭೂಮಿಯಲ್ಲಿ ಇದೂ ಒಂದು ಬಗೆ. ಇದಕ್ಕೆ ಮದ್ದು ಜಿಪ್ಸಂ. ಎಕರೆಗೆ ಟನ್‌ಗಟ್ಟಲೆ ಬೇಕಾಗಬಹುದು.

ಡೋಣಿ ನದಿಯ ನೀರು ಉಪ್ಪೆಂಬುದು ಸಾರವಾಡದ ಸೇತುವೆ ದಾಟುವ ಎಲ್ಲರಿಗೂ ಗೊತ್ತು. ತಿಕೋಟಾದ ಕಡೆ ಬೋರ್‌ವೆಲ್ ನೀರು, ಬರ ಬಂದಾಗ ಟ್ಯಾಂಕರ್ ನೀರು. ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರೂ ಬಂದಿದೆ. ನೀರು ಬಂದದ್ದು ದೊಡ್ಡ ಸಂತೋಷ. ಆದರೆ ಬಸಿಗಾಲುವೆ ಇಲ್ಲದ ಎರೆ ಹೊಲಕ್ಕೆ ನೀರು ಹೆಚ್ಚಾದರೆ ಸವಳು, ಜವಳು ಎರಡೂ ಹಿಂದೆಯೇ ಬರುತ್ತವೆ. ಆ ಬದಲಾವಣೆ ಕಣ್ಣಿಗೆ ಕಾಣುವ ಮೊದಲು ಅಂಕಿಯಲ್ಲಿ ಕಾಣುತ್ತದೆ. ಅಂಕಿ ನಿಜವಾಗಿದ್ದರೆ ಮಾತ್ರ.

ಅಂದರೆ, ಕೇಳುಗರೇ, ಸುಣ್ಣದ ಹೊಲಕ್ಕೂ ಸೋಡಿಯಂ ಹೊಲಕ್ಕೂ ನಡುವೆ ಇರುವುದು ಪಿಎಚ್ ಪಟ್ಟಿಯ ಸುಮಾರು 0.3ರಷ್ಟು ಜಾಗ. ಮೀಟರ್ ಅಷ್ಟೇ ತಪ್ಪಿದರೆ ಇಡೀ ತೀರ್ಮಾನ ತಲೆಕೆಳಗಾಗುತ್ತದೆ. ಇನ್ನು ಮೀಟರ್ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ.

ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಕೊಟ್ಟವರು ಡೆನ್ಮಾರ್ಕಿನ ಸೋರೆನ್ಸನ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಜ್ಞಾನಿ. ಗಾಜಿನ ತೆಳು ಪೊರೆಯ ಎರಡು ಬದಿಗೆ ಬೇರೆ ಬೇರೆ ಆಮ್ಲತೆ ಇದ್ದರೆ ವಿದ್ಯುತ್ತಿನ ಒತ್ತಡ ಹುಟ್ಟುತ್ತದೆ ಎಂಬುದನ್ನು ಅದಕ್ಕೂ ಮೂರು ವರ್ಷ ಮೊದಲೇ, 1906ರಲ್ಲಿ, ಮ್ಯಾಕ್ಸ್ ಕ್ರೆಮರ್ ಕಂಡಿದ್ದರು. ಆದರೂ ಅದು ಪ್ರಯೋಗಾಲಯದ ಮೂಲೆಯಲ್ಲೇ ಉಳಿಯಿತು. ಅದನ್ನು ಹೊರಗೆ ತಂದದ್ದು ಲಿಂಬೆಹಣ್ಣು.

ಇಂಡಿ ತಾಲೂಕಿನ ಲಿಂಬೆ ಬೆಳೆಗಾರರು ಇದನ್ನು ಕೇಳಲೇಬೇಕು. 1934ರಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಹಕಾರಿ ಸಂಸ್ಥೆಯಲ್ಲಿ ಗ್ಲೆನ್ ಜೋಸೆಫ್ ಎಂಬ ರಸಾಯನ ತಜ್ಞ ಇದ್ದರು. ಮಾರಾಟವಾಗದೆ ಉಳಿದ ಲಿಂಬೆಯ ರಸದ ಹುಳಿ ಅಳೆಯುವುದು ಅವರ ಕೆಲಸ. ರಸ ಕೆಡದಿರಲೆಂದು ಗಂಧಕದ ಡೈಆಕ್ಸೈಡ್ ಹಾಕಿರುತ್ತಿದ್ದರು. ಅದು ಅಂದಿನ ಮಾಮೂಲಿ ಪರೀಕ್ಷೆಗಳನ್ನೆಲ್ಲ ಕೆಡಿಸುತ್ತಿತ್ತು. ಗಾಜಿನ ಎಲೆಕ್ಟ್ರೋಡ್ ಬಳಸಿದರೆ ಅದು ತೆಳುವಾಗಿದ್ದು ಒಡೆಯುತ್ತಿತ್ತು. ದಪ್ಪ ಗಾಜಾದರೆ ಬರುವ ವಿದ್ಯುತ್ತು ಅಳತೆಗೇ ಸಿಗದಷ್ಟು ಕಡಿಮೆ. ಜೋಸೆಫ್ ತಮ್ಮ ಓದಿನ ಕಾಲದ ಗೆಳೆಯ ಆರ್ನಾಲ್ಡ್ ಬೆಕ್‌ಮನ್ ಬಳಿ ಹೋದರು. ಬೆಕ್‌ಮನ್ ಅಂದಿನ ರೇಡಿಯೋಗಳಲ್ಲಿ ಇರುತ್ತಿದ್ದಂಥ ನಿರ್ವಾತ ಕೊಳವೆ ಜೋಡಿಸಿ ಆ ಸಣ್ಣ ಸಂಕೇತವನ್ನು ಹಿಗ್ಗಿಸಿಕೊಟ್ಟರು. ಮರುವರ್ಷ ಅವರ ಕಂಪನಿ ಅದನ್ನು ತಯಾರಿಸಿ ಮಾರತೊಡಗಿತು. ಒಂದು ಮೀಟರಿನ ಬೆಲೆ 195 ಡಾಲರ್. ಹಣ್ಣು ಬೆಳೆಯುವವರ ತೊಂದರೆಯಿಂದ ಹುಟ್ಟಿದ ಯಂತ್ರ ಇಂದು ದ್ರಾಕ್ಷಿ ತೋಟಕ್ಕೆ ಬಂದಿರುವುದು ಸಹಜವೇ.

ಬೆಕ್‌ಮನ್ ಎದುರಿಸಿದ ತೊಂದರೆ ಈಗಲೂ ಹೋಗಿಲ್ಲ. ಗಾಜಿನ ಗುಂಡು ವಿದ್ಯುತ್ತಿಗೆ ಒಡ್ಡುವ ತಡೆ ಹತ್ತಾರು ಕೋಟಿ ಓಮ್. ಆದ್ದರಿಂದ ಪ್ರಯೋಗಾಲಯದ ಮೀಟರಿನಲ್ಲಿ ವೈರಿನ ಪಿನ್ನಿಗೆ ಒಂದು ಹನಿ ತೇವ ತಾಗಿದರೂ ಅಂಕಿ ಓಲಾಡುತ್ತದೆ. ಒದ್ದೆ ಕೈಯಿಂದ ಪಿನ್ ಮುಟ್ಟಬಾರದು ಎನ್ನುವುದು ಇದಕ್ಕೇ.

ಎಲೆಕ್ಟ್ರೋಡ್ ಒಳಗೆ ಎರಡು ಭಾಗ. ಒಂದು, ಗಾಜಿನ ಗುಂಡು. ಅದರ ಹೊರಮೈ ನೀರು ಹೀರಿ ಮೃದುವಾದ ತೆಳು ಪದರ ಕಟ್ಟಿಕೊಂಡಿರುತ್ತದೆ. ಹೈಡ್ರೋಜನ್ ಅಯಾನುಗಳ ಜತೆ ವ್ಯವಹಾರ ಮಾಡುವುದು ಆ ಪದರ. ಎರಡು, ಹೋಲಿಕೆಯ ಭಾಗ. ಅದರಲ್ಲಿ ಬೆಳ್ಳಿಯ ತಂತಿ, ಸುತ್ತಲೂ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ. ಪಕ್ಕದಲ್ಲಿ ಕಣ್ಣಿಗೆ ಬಿಳಿ ಚುಕ್ಕೆಯಷ್ಟೇ ಕಾಣುವ ಸೂಕ್ಷ್ಮ ರಂಧ್ರದ ಪಿಂಗಾಣಿ. ದ್ರಾವಣ ಅದರ ಮೂಲಕ ಬಹಳ ನಿಧಾನವಾಗಿ ಹೊರಗೆ ಒಸರುತ್ತಿರಬೇಕು. ಒಸರುವುದು ನಿಂತರೆ ಅಳತೆಯೂ ನಿಂತಿತು.

ಮೀಟರ್ ಪಿಎಚ್ ಅನ್ನು ನೇರವಾಗಿ ಅಳೆಯುವುದೇ ಇಲ್ಲ. ಅದು ಅಳೆಯುವುದು ಮಿಲಿವೋಲ್ಟ್. ಸರಿಯಿರುವ ಎಲೆಕ್ಟ್ರೋಡ್ 7ರಲ್ಲಿ ಸೊನ್ನೆಯ ಹತ್ತಿರ ಇರುತ್ತದೆ. ಅಲ್ಲಿಂದ ಒಂದೊಂದು ಪಿಎಚ್ ಮೆಟ್ಟಿಲಿಗೆ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಗಾಜಿಗೆ ವಯಸ್ಸಾದಂತೆ ಅದು 57, 55, 53 ಎಂದು ಇಳಿಯುತ್ತದೆ. 59ರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಸ್ಲೋಪ್ ಎಂದು ಶೇಕಡಾ ಲೆಕ್ಕದಲ್ಲಿ ಮೀಟರ್ ತೋರಿಸುತ್ತದೆ. 95ಕ್ಕಿಂತ ಮೇಲಿದ್ದರೆ ಒಳ್ಳೆಯದು. 90ಕ್ಕೆ ಇಳಿದರೆ ತೊಳೆದು ನೋಡಬೇಕು. ಆಮೇಲೂ ಏರದಿದ್ದರೆ ಬದಲಿಸಬೇಕು.

ಇಷ್ಟರಲ್ಲಿ ಒಂದು ವಿಷಯ ಗಟ್ಟಿಯಾಯಿತು. ಮೀಟರಿಗೆ ತಾನಾಗಿ ಏನೂ ಗೊತ್ತಿಲ್ಲ. ಇಷ್ಟು ಮಿಲಿವೋಲ್ಟ್ ಎಂದರೆ ಇಷ್ಟು ಪಿಎಚ್ ಎಂದು ಬಫರ್ ಕಲಿಸಬೇಕು. ಹಾಗೆ ಕಲಿಸುವುದೇ ಕ್ಯಾಲಿಬ್ರೇಶನ್. ಇನ್ನು ಅದನ್ನು ಮಾಡುವ ಬಗೆ.

ಅಂಗಡಿಯಲ್ಲಿ ಸಿಗುವ ಬಫರ್‌ಗಳು ಮುಖ್ಯವಾಗಿ ಮೂರು: 4, 7 ಮತ್ತು 9.2. ಗುಳಿಗೆ ರೂಪದಲ್ಲೂ ಸಿಗುತ್ತವೆ. ಸಾಮಾನ್ಯವಾಗಿ ಒಂದು ಗುಳಿಗೆಗೆ 100 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್. ಬೋರ್ ನೀರು ಬೇಡ, ಕುಡಿಯುವ ಬಾಟಲಿ ನೀರೂ ಬೇಡ. ಎರಡರಲ್ಲೂ ಅವುಗಳದೇ ಲವಣ ಇರುತ್ತದೆ.

ಅನೇಕರು 4 ಮತ್ತು 7 ಎರಡನ್ನೇ ಇಟ್ಟುಕೊಂಡಿರುತ್ತಾರೆ. ಕೆಲವರು 7 ಒಂದರಲ್ಲೇ ಮುಗಿಸುತ್ತಾರೆ. ಮಲೆನಾಡಿನ ಹುಳಿ ಮಣ್ಣಿಗೆ 4 ಮತ್ತು 7 ಸರಿ. ಬಬಲೇಶ್ವರದ ಎರೆಗೆ ಸರಿಯಲ್ಲ. ಅಳೆಯಬೇಕಾದ ಅಂಕಿ ಎರಡು ಬಫರ್‌ಗಳ ನಡುವೆ ಬೀಳಬೇಕು. ಇಲ್ಲಿಯ ಮಣ್ಣು 8ರ ಮೇಲೆ. ಹಾಗಾಗಿ 7 ಮತ್ತು 9.2 ಬೇಕು.

ಒಂದು ಲೆಕ್ಕ ಮಾಡೋಣ. ಎಲೆಕ್ಟ್ರೋಡ್ ಹಳತು, ಸ್ಲೋಪ್ 90ಕ್ಕೆ ಇಳಿದಿದೆ ಎನ್ನಿ. 7ರ ಬಫರಿನಲ್ಲಿ ಮಾತ್ರ ಹೊಂದಿಸಿದ್ದಾರೆ. ಮಣ್ಣಿನ ನಿಜವಾದ ಪಿಎಚ್ 8.6. 7ರಿಂದ ಅದು 1.6 ಮೇಲಿದೆ. ಮೀಟರ್ ಅದರಲ್ಲಿ ಹತ್ತನೇ ಒಂದು ಪಾಲು ನುಂಗಿಹಾಕುತ್ತದೆ. ತೋರಿಸುವುದು 8.44. ಗೆರೆ ದಾಟಿದ ಹೊಲ ದಾಟಿಲ್ಲವೆಂದು ಕಾಣುತ್ತದೆ. ಮದ್ದು ಬೇಕಾದ ಮಣ್ಣು ಮದ್ದಿಲ್ಲದೆ ಉಳಿಯುತ್ತದೆ.

ಈಗ ಇದಕ್ಕೆ ತಿರುವು ಮುರುವಾದ ಲೆಕ್ಕ. 9.2ರ ಬಫರ್ ಇದೆ, ಆದರೆ ಮುಚ್ಚಳ ಸಡಿಲ. ಇದು ಬಿಳಿಗಾರದಿಂದ ಮಾಡಿದ ದ್ರಾವಣ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದು ಅದರ ಗುಣ. ಹೀರಿದಷ್ಟೂ ಅದರ ಪಿಎಚ್ ಇಳಿಯುತ್ತದೆ. 4 ಮತ್ತು 7ರ ಬಫರ್‌ಗಳನ್ನು ಗಾಳಿ ಇಷ್ಟು ಬೇಗ ಕೆಡಿಸುವುದಿಲ್ಲ. ಬಾಟಲಿಯ ಮೇಲೆ 9.2 ಎಂದಿದೆ, ಒಳಗಿರುವುದು 9.0 ಆಗಿದೆ ಎನ್ನಿ. ಮೀಟರ್ ಪಾಪ, ಹೇಳಿದ್ದನ್ನು ನಂಬುತ್ತದೆ. 2 ಮೆಟ್ಟಿಲನ್ನು 2.2 ಎಂದು ಕಲಿಯುತ್ತದೆ. ಆಮೇಲೆ ನಿಜವಾಗಿ 8.4 ಇರುವ ಮಣ್ಣನ್ನು ಅದು 8.54 ಎನ್ನುತ್ತದೆ. ಕೆಡದ ಹೊಲ ಕೆಟ್ಟಿತೆಂದು ಲೆಕ್ಕ. ಜಿಪ್ಸಂನ ಟ್ರ್ಯಾಕ್ಟರ್ ಹೊಲಕ್ಕೆ ಬರುತ್ತದೆ. ಇಷ್ಟು ಸಾಲದೆಂಬಂತೆ, ಮೀಟರಿನಲ್ಲಿ ಸ್ಲೋಪ್ ಸುಮಾರು 91 ಎಂದು ಬರುತ್ತದೆ. ತಪ್ಪು ಬಾಟಲಿಯದು, ದೂರು ಎಲೆಕ್ಟ್ರೋಡಿನ ಮೇಲೆ. ಹೊಸ ಎಲೆಕ್ಟ್ರೋಡ್ ತಂದರೂ ಅದೇ 91.

ಇಂಥ ಮೀಟರ್ ಹಿಡಿದವರಿಂದ ಬರುವ ಪ್ರಶ್ನೆ ಹೀಗಿರುತ್ತದೆ: “ಸಾಹೇಬ್ರ, ಮೊನ್ನೆ ಎಂಟು ಪಾಯಿಂಟ್ ಎರಡು ಇತ್ತು, ಇವತ್ತ ಎಂಟು ಪಾಯಿಂಟ್ ಆರು ಅಂತೈತಿ. ನಾಕ ದಿನಕ್ಕ ಹೊಲ ಕೆಡತೈತೇನ್ರಿ?” ನಾಲ್ಕು ದಿನಕ್ಕೆ ಎರೆ ಹೊಲ ಹಾಗೆ ಬದಲಾಗುವುದಿಲ್ಲ. ಮೊದಲು ನೋಡಬೇಕಾದದ್ದು ಬಾಟಲಿಯನ್ನು.

ಆದ್ದರಿಂದ 9.2ರ ಬಾಟಲಿಗೆ ಕೆಲವು ಕಟ್ಟಳೆ. ತೆರೆದ ದಿನವನ್ನು ಅದರ ಮೇಲೆ ಬರೆಯಿರಿ. ಬೇಕಾದಷ್ಟನ್ನು ಸಣ್ಣ ಕಪ್ಪಿಗೆ ಸುರಿದುಕೊಂಡು ಕೂಡಲೇ ಮುಚ್ಚಳ ಬಿಗಿಮಾಡಿ. ಎಲೆಕ್ಟ್ರೋಡನ್ನು ಬಾಟಲಿಯೊಳಗೇ ಅದ್ದಬೇಡಿ. ಬಳಸಿದ ಬಫರನ್ನು ಮರಳಿ ಸುರಿಯಬೇಡಿ. ತೆರೆದು ತಿಂಗಳಾದರೆ ಚೆಲ್ಲಿಬಿಡಿ. ಗುಳಿಗೆ ಬಳಸುವವರು 9.2ರದನ್ನು ಆಗಾಗ ಹೊಸದಾಗಿ ಕರಗಿಸಿಕೊಳ್ಳುವುದೇ ಮೇಲು. ಒಂದು ಗುಳಿಗೆಯ ಬೆಲೆ ಒಂದು ಚೀಲ ಜಿಪ್ಸಂನ ಮುಂದೆ ಏನೂ ಅಲ್ಲ.

ಕ್ರಮ ಸರಳ. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರಿನಿಂದ ತೊಳೆಯಿರಿ. ಮೆದು ಕಾಗದವನ್ನು ತಾಗಿಸಿ ನೀರು ಹೀರಿಸಿ. ಉಜ್ಜಬೇಡಿ, ಉಜ್ಜಿದರೆ ಗಾಜಿನ ಮೇಲೆ ವಿದ್ಯುತ್ ಹುಟ್ಟಿ ಅಂಕಿ ನಿಲ್ಲಲು ತಡವಾಗುತ್ತದೆ. ಮೊದಲು 7ರಲ್ಲಿ ಅದ್ದಿ, ಅಂಕಿ ಸ್ಥಿರವಾದ ಮೇಲೆ ಕ್ಯಾಲಿಬ್ರೇಶನ್ ಗುಂಡಿ ಒತ್ತಿ. ತೊಳೆಯಿರಿ. ಆಮೇಲೆ 9.2. ಮತ್ತೆ 7ಕ್ಕೆ ಬಂದು ನೋಡಿ. 7 ಬಂದರೆ ಕೆಲಸ ಮುಗಿಯಿತು.

ಬಿಸಿಲಿನ ಮಾತು ಇಲ್ಲೇ ಬರಬೇಕು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಾಟಲಿಯ ಮೇಲಿನ 9.2 ಎಂಬುದು 25 ಡಿಗ್ರಿಯ ಅಂಕಿ. 40 ಡಿಗ್ರಿಯಲ್ಲಿ ಅದು 9.1ಕ್ಕೆ ಇಳಿಯುತ್ತದೆ. ಒಳ್ಳೆಯ ಬಾಟಲಿಯ ಲೇಬಲ್ಲಿನಲ್ಲಿ ಈ ಪಟ್ಟಿ ಇರುತ್ತದೆ. ಕೆಲವು ಮೀಟರ್‌ಗಳಿಗೆ ಅದು ತಾನೇ ಗೊತ್ತು, ಅಗ್ಗದವಕ್ಕೆ ಗೊತ್ತಿಲ್ಲ. ತಾಪಮಾನವನ್ನು ತಾನೇ ಸರಿಪಡಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ಅದು ಸರಿಪಡಿಸುವುದು ಮಿಲಿವೋಲ್ಟ್ ಲೆಕ್ಕವನ್ನು ಮಾತ್ರ. ಬಿಸಿಯಿಂದ ನೀರಿನಲ್ಲೇ ಆಗುವ ಬದಲಾವಣೆಯನ್ನಲ್ಲ. ಬಫರ್, ಮಣ್ಣಿನ ದ್ರಾವಣ ಎರಡನ್ನೂ ನೆರಳಿನಲ್ಲಿ ಒಂದು ತಾಸು ಜೊತೆಗಿಟ್ಟು ಆಮೇಲೆ ಅಳೆದರೆ ಈ ಗೊಂದಲ ಬಹುಪಾಲು ತಪ್ಪುತ್ತದೆ.

ಬಫರ್ ತಾಜಾ ಇರಬೇಕು, ಅಂಕಿ ಎರಡು ಬಫರ್‌ಗಳ ನಡುವೆ ಬೀಳಬೇಕು, ಎಲ್ಲವೂ ಒಂದೇ ಬಿಸಿಯಲ್ಲಿರಬೇಕು. ಇಷ್ಟಾಯಿತು. ಇನ್ನು ಮಣ್ಣು ಅಳೆಯುವ ಬಗೆ ಮತ್ತು ಎಲೆಕ್ಟ್ರೋಡಿನ ಆರೈಕೆ.

ಮಣ್ಣಿನ ಪರೀಕ್ಷೆಗೆ 20 ಗ್ರಾಂ ಮಣ್ಣು, 50 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್. ಆಗಾಗ ಕಲಕುತ್ತ ಅರ್ಧ ತಾಸು ಬಿಟ್ಟು, ಕೊನೆಗೊಮ್ಮೆ ಕಲಕಿ ಎಲೆಕ್ಟ್ರೋಡ್ ಇಳಿಸಬೇಕು. ಒಣ ಮಣ್ಣಿಗೆ ಚುಚ್ಚಬಾರದು. ಎರೆ ಮಣ್ಣಿನ ಜಿಗುಟು ಬಹಳ ಸಣ್ಣ ಕಣದ್ದು. ಆ ಬಿಳಿ ಚುಕ್ಕೆಯ ರಂಧ್ರಗಳನ್ನು ಅದು ಮುಚ್ಚುತ್ತದೆ. ಆದ್ದರಿಂದ ಪ್ರತಿ ಮಾದರಿಯ ನಂತರ ಚೆನ್ನಾಗಿ ತೊಳೆಯಬೇಕು. ಈ ಭಾಗದ ಮಣ್ಣು, ನೀರು ಎರಡೂ ಸುಣ್ಣ ಬಿಡುತ್ತವೆ. ಗಾಜಿನ ಮೇಲೆ ಮಬ್ಬು ಪೊರೆ ಕಟ್ಟಿದರೆ ಬಹಳ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 0.1 ಮೋಲಾರ್ ಸಾಕು, ಕಾಲು ತಾಸು ಅದ್ದಿಟ್ಟರೆ ಸುಣ್ಣ ಕರಗುತ್ತದೆ. ಆಮ್ಲವನ್ನು ಕಾಲೇಜಿನ ಪ್ರಯೋಗಾಲಯದವರಿಂದಲೇ ಮಾಡಿಸಿಕೊಳ್ಳುವುದು ಕ್ಷೇಮ. ಕೈಗೆ, ಕಣ್ಣಿಗೆ ಜೋಪಾನ.

ಒಣದ್ರಾಕ್ಷಿ ಘಟಕದಲ್ಲಿ ಇನ್ನೊಂದು ಬಗೆಯ ಕೊಳೆ. ಗೊಂಚಲನ್ನು ಒಣಹಾಕುವ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಮೇಣ ಬಿಟ್ಟುಕೊಂಡು ನೀರು ಬೇಗ ಆರುತ್ತದೆ. ಆ ದ್ರಾವಣದ ಪಿಎಚ್ 11ರ ಆಸುಪಾಸು. ಅದರ ಎಣ್ಣೆ ಗಾಜಿಗೆ ಅಂಟಿದರೆ ಆಮ್ಲದಿಂದ ಹೋಗುವುದಿಲ್ಲ. ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರು ಬೇಕು. ನಿಜ ಹೇಳಬೇಕೆಂದರೆ, ಡಿಪ್ಪಿಂಗ್ ತೊಟ್ಟಿಗೆ ಪಿಎಚ್ ಕಾಗದದ ಪಟ್ಟಿಯೇ ಸಾಕು. ಎಲೆಕ್ಟ್ರೋಡನ್ನು ಅದಕ್ಕೆ ಇಳಿಸದಿದ್ದರೆ ಇನ್ನೂ ಒಳ್ಳೆಯದು.

ಅಕ್ಟೋಬರ್ ಚಾಟನಿಯ, ಅಂದರೆ ಬಳ್ಳಿ ಸವರುವ ಕೆಲಸದ, ನಂತರ ಜಿಎ ಹೊಡೆಯುವಾಗ ಮೀಟರಿನ ಕೆಲಸ ನಿಜವಾಗಿ ಬೀಳುತ್ತದೆ. ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲ, ಕ್ಷಾರದ ನೀರಿನಲ್ಲಿ ಬಲ ಕಳೆದುಕೊಳ್ಳುತ್ತದೆ. ಬೋರ್ ನೀರು 8ರ ಮೇಲೆ ಇದ್ದರೆ ಸಿಟ್ರಿಕ್ ಆಮ್ಲ ಹಾಕಿ 6ರ ಹತ್ತಿರ ತರುತ್ತಾರೆ. ಆ ದಿನ ಮಾತ್ರ ಬಾಟಲಿ ಬದಲಿಸಬೇಕು. 6 ಎಂಬುದು 4 ಮತ್ತು 7ರ ನಡುವೆ ಬೀಳುತ್ತದೆ. ಮಣ್ಣಿಗೆ 9.2, ಜಿಎ ನೀರಿಗೆ 4. ಎರಡಕ್ಕೂ 7 ಇದ್ದೇ ಇರುತ್ತದೆ.

ಕೊಳೆಯ ಮಾತು ಮುಗಿಯಿತು. ಉಳಿದದ್ದು, ಕೆಲಸವಿಲ್ಲದ ದಿನಗಳಲ್ಲಿ ಎಲೆಕ್ಟ್ರೋಡನ್ನು ಇಡುವ ಬಗೆ.

ಎಲೆಕ್ಟ್ರೋಡ್ ಒಣಗಬಾರದು. ಹಾಗೆಂದು ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿಡುವುದೂ ತಪ್ಪು. ಶುದ್ಧ ನೀರು ಒಳಗಿನ ಲವಣವನ್ನು ಹೊರಗೆ ಎಳೆಯುತ್ತದೆ. ಸರಿಯಾದದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ. ಶುದ್ಧ ಲವಣ ಸುಮಾರು 22 ಗ್ರಾಂ ತೆಗೆದುಕೊಂಡು, ಒಟ್ಟು 100 ಮಿಲಿಲೀಟರ್ ಆಗುವಷ್ಟು ಡಿಸ್ಟಿಲ್ಡ್ ವಾಟರ್ ಸೇರಿಸಬೇಕು. ರಸಗೊಬ್ಬರದ ಪೊಟ್ಯಾಷ್ ಬೇಡ. ಮುಚ್ಚಳದೊಳಗೆ ನಾಲ್ಕಾರು ಹನಿ ಹಾಕಿ ಮುಚ್ಚಿಟ್ಟರೆ ಸಾಕು. ಮುಚ್ಚಳದ ಸುತ್ತ ಬಿಳಿ ಉಪ್ಪು ಕಟ್ಟಿದರೆ ಹೆದರಬೇಕಿಲ್ಲ, ತೊಳೆದರೆ ಹೋಗುತ್ತದೆ. ಪಕ್ಕದಲ್ಲಿ ತೂತು ಇರುವ ಎಲೆಕ್ಟ್ರೋಡಾದರೆ ಅಳೆಯುವಾಗ ಅದನ್ನು ತೆರೆದಿರಬೇಕು, ಇಡುವಾಗ ಮುಚ್ಚಿರಬೇಕು. ಒಳಗಿನ ದ್ರಾವಣ ಇಳಿದಿದ್ದರೆ ತುಂಬಬೇಕು.

ಏಪ್ರಿಲ್ ಚಾಟನಿ ಮುಗಿಸಿ ತೋಟದ ಶೆಡ್ಡಿನಲ್ಲಿ ಬಿಟ್ಟ ಮೀಟರ್ ಮಳೆಗಾಲಕ್ಕೆ ಒಣಗಿ ಸಿಗುವುದುಂಟು. ಕೂಡಲೇ ಎಸೆಯಬೇಡಿ. ಇದೇ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ. ಬೆಳಿಗ್ಗೆ 7 ಮತ್ತು 9.2ರಲ್ಲಿ ಸ್ಲೋಪ್ ನೋಡಿ. ಎಷ್ಟೋ ಸಲ ಗಾಜು ಚೇತರಿಸಿಕೊಳ್ಳುತ್ತದೆ.

ಮನೆಯ ಮೀಟರ್ ಎಷ್ಟು ಸರಿ ಇದ್ದರೂ ಜಿಪ್ಸಂ ತೀರ್ಮಾನಕ್ಕೆ ಅದೊಂದೇ ಸಾಲದು. ಲವಣದ ಪ್ರಮಾಣ, ಸೋಡಿಯಂ ಪ್ರಮಾಣ ಎರಡೂ ಬೇಕು. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಪರೀಕ್ಷೆ ಇದೆ. ಪಿಎಚ್, ಲವಣ ಎರಡೂ ಅದರಲ್ಲಿ ಸೇರಿವೆ, ಸೋಡಿಯಂ ಇಲ್ಲ. ಅದನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು. ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯದವರನ್ನು ಅಥವಾ ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರದವರನ್ನು ವಿಚಾರಿಸಿ. ಅಲ್ಲಿಗೆ ಹೋಗುವಾಗ ಒಂದೇ ಮಾದರಿಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಮನೆಯಲ್ಲಿ ನಿಮ್ಮ ಮೀಟರಿನಲ್ಲೇ ಅಳೆದು ಬರೆದಿಟ್ಟುಕೊಳ್ಳಿ. ಎರಡು ಅಂಕಿಗಳ ನಡುವೆ 0.1 ಅಂತರ ಬಂದರೆ ನಿಮ್ಮ ಮೀಟರ್ ಸರಿ ನಡೆದಿದೆ. 0.3 ಬಂದರೆ ಮೊದಲು 9.2ರ ಹೊಸ ಬಾಟಲಿ, ಆಮೇಲೆ ಆಮ್ಲದ ಸ್ನಾನ. ಎಲೆಕ್ಟ್ರೋಡ್ ಬದಲಿಸುವುದು ಕೊನೆಗೆ.

ಬದಲಿಸುವ ದಿನ ಬಂದೇ ಬರುತ್ತದೆ. ಚೆನ್ನಾಗಿ ನೋಡಿಕೊಂಡರೂ ಸಾಮಾನ್ಯವಾಗಿ ಒಂದೆರಡು ವರ್ಷ ಅದರ ಆಯಸ್ಸು. ಹೊಸದನ್ನು ಕೊಳ್ಳುವಾಗ ಡಬ್ಬಿಯ ಮೇಲೆ ತಯಾರಾದ ತಿಂಗಳು ನೋಡಿ. ಬಳಸದೆ ಅಂಗಡಿಯ ಕಪಾಟಿನಲ್ಲಿ ಕೂತರೂ ಗಾಜಿಗೆ ವಯಸ್ಸಾಗುತ್ತದೆ. ಮುಚ್ಚಳ ತೆಗೆದು ಒಳಗೆ ತೇವ ಇದೆಯೇ ನೋಡಿ. ಸಾಧ್ಯವಾದರೆ ಅಂಗಡಿಯಲ್ಲೇ 7 ಮತ್ತು 9.2ರಲ್ಲಿ ಅದ್ದಿ ಸ್ಲೋಪ್ ಓದಿಸಿ, ಆ ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.